ಕಾರೆ ಹೊಲದ ತಾಯಿಮಣ್ಣು

ಚಿಕ್ಕಮಾದಮ್ಮನ ಮುತ್ತಜ್ಜ ದೊಡ್ಡಬೋರಯ್ಯ. ಭೀಮನಬೀಡಿನ ಆಚೆ, ಕಾಡಿನ ಕಡೆಗೆ ಇಳಿಯುವ ಜಾರಿನಲ್ಲಿ ಕಾರೆಮುಳ್ಳು ಕಡಿದು ಹೊಲ ಮಾಡಿದವನು ಅವನೇ. ಆ ಮುಳ್ಳೊಂದು ಅವನ ಅಂಗಾಲಿನಲ್ಲಿ ಮುರಿದುಕೊಂಡು, ಹೊರಗೆ ಬಾರದೆ, ಕೊನೆಗೆ ಅವನ ಜೊತೆಗೇ ಮಣ್ಣಿಗೆ ಹೋಯಿತು. ಹೊಲಕ್ಕೆ ಕಾರೆ ಹೊಲ ಎಂಬ ಹೆಸರು ಉಳಿಯಿತು. ಹೊಸದಾಗಿ ಒಡೆದ ಆ ನೆಲದಲ್ಲಿ ಮೊದಲ ಸಲ ಬಿತ್ತಿದ ಅವರೆ ಮೊಣಕಾಲಿಗೂ ಬರದೆ, ಮೈತುಂಬ ಅರಿಶಿನ ಬಳಿದುಕೊಂಡ ಹಾಗೆ ನಿಂತುಬಿಟ್ಟಿತಂತೆ. ದೊಡ್ಡಬೋರಯ್ಯ ಎತ್ತು ಮಾರಲು ಸಂತೆಮರಹಳ್ಳಿಗೆ ನಡೆದು ಹೋಗುವಾಗ ದಾರಿಯಲ್ಲಿ ಯಾರದೋ ಹೊಲದ ಅವರೆ ಕಪ್ಪಿಡುವಷ್ಟು ಹಸುರಾಗಿರುವುದನ್ನು ಕಂಡ. ಒಂದು ಗಿಡ ಕಿತ್ತು ನೋಡಿದ. ಬೇರಿನ ತುಂಬ ಗಂಟು. ತನ್ನ ಹೊಲದ ಬೇರು ಬೋಳಾಗಿತ್ತು. ಸಂತೆಯ ಕೆಲಸವನ್ನು ಅಲ್ಲಿಗೇ ಮರೆತು, ಆ ಹೊಲದವನ ಕೈಕಾಲು ಹಿಡಿದು ಒಂದು ಬುಟ್ಟಿ ಮಣ್ಣು ತುಂಬಿಕೊಂಡ. ಒದ್ದೆ ಕಂಬಳಿ ಮುಚ್ಚಿ, ಬಿಸಿಲು ತಾಗದ ಹಾಗೆ ಮರದ ನೆರಳಿನಿಂದ ಮರದ ನೆರಳಿಗೆ ನಡೆದು ಊರು ಸೇರಿದ. ಬೆಲ್ಲದ ನೀರಿನಲ್ಲಿ ಆ ಮಣ್ಣು ಕಲಸಿ, ಬೀಜಕ್ಕೆ ಸವರಿ ಬಿತ್ತಿದ. ಆ ವರ್ಷದ ಅವರೆಯೊಳಗೆ ಕರು ನಿಂತರೆ ಕಾಣುತ್ತಿರಲಿಲ್ಲವಂತೆ.

ಅವನ ಮಗ ಮೂಗಯ್ಯ. ಹೆಸರಿಗೆ ತಕ್ಕಂತೆ ಮಾತು ಕಮ್ಮಿ. ಆದರೆ ಮಣ್ಣು ಕೇಳಿ ಬಂದವರಿಗೆ ಇಲ್ಲ ಅಂದವನಲ್ಲ. ಹೊಸ ನೆಲ ಒಡೆದವರು, ಅವರೆ ಕೈಕೊಟ್ಟವರು, ಸುತ್ತಿನ ಊರುಗಳಿಂದ ಬುಟ್ಟಿ ಹಿಡಿದು ಬರಿಗಾಲಲ್ಲಿ ಬರುತ್ತಿದ್ದರು. ಅದಕ್ಕೆ ತಾಯಿಮಣ್ಣು ಎಂಬ ಹೆಸರು ಬಿತ್ತು. ಒಯ್ದವರು ಸುಗ್ಗಿ ಮುಗಿದ ಮೇಲೆ ತಮ್ಮ ಹೊಲದಿಂದ ಒಂದು ಬುಟ್ಟಿ ಮಣ್ಣು ತಂದು ಹಿಂತಿರುಗಿಸಬೇಕು. ಇದು ಮೂಗಯ್ಯ ಮಾಡಿದ ಕಟ್ಟಳೆ. ಹಾಗೆ ಬಂದದ್ದು ಮರುಮಣ್ಣು. ಕೆಂಪು ನೆಲದ್ದು, ಎರೆ ನೆಲದ್ದು, ಕೆರೆಯಂಚಿನದ್ದು, ಮರಳು ಬೆರೆತದ್ದು, ಎಲ್ಲವೂ ಬಂದು ಕಾರೆ ಹೊಲದಲ್ಲಿ ಒಂದಾದವು.

ಮೂಗಯ್ಯನ ಹೆಂಡತಿ ಪುಟ್ಟಿ ಗಂಡನಿಗಿಂತ ಒಂದು ಕೈ ಮೇಲು. ಬಂದ ಮಣ್ಣು ಬಂದ ಕೂಡಲೇ ಹೊಲದೊಳಕ್ಕೆ ಹೋಗಕೂಡದು ಎಂದವಳು ಅವಳು. ಬದುವಿನ ಮೂಲೆಯಲ್ಲಿ ಕಲ್ಲು ಕಟ್ಟಿ ಒಂದು ಪಾತಿ ಮಾಡಿದಳು. ಮರುಮಣ್ಣನ್ನು ಮೊದಲು ಅಲ್ಲಿ ಸುರಿದು, ಒಂದು ಹಿಡಿ ಅವರೆ ಬಿತ್ತಿ, ಹೂವಿನ ಹೊತ್ತಿಗೆ ಗಿಡ ಕಿತ್ತು ಬೇರಿನ ಗಂಟನ್ನು ಹೆಬ್ಬೆರಳಿನ ಉಗುರಿನಲ್ಲಿ ಸೀಳಿ ನೋಡುವಳು. ಒಳಗೆ ರಕ್ತದ ಕೆಂಪು ಇದ್ದರೆ ಆ ಮಣ್ಣಿಗೆ ಹೊಲದೊಳಗೆ ಜಾಗ. ಬಿಳುಪು ಇದ್ದರೆ ಬಂಡೆಯ ಮೇಲೆ ಸುರಿದು ಬಿಸಿಲಿಗೆ ಸಾಯಲು ಬಿಡುವಳು. ತವರಿನಿಂದ ಅಣ್ಣನೇ ಹೊತ್ತು ತಂದ ಮಣ್ಣನ್ನೂ ಹಾಗೆ ಬಂಡೆಗೆ ಸುರಿದಳು. ಆ ಅಣ್ಣ ಸಾಯುವವರೆಗೂ ಈ ಮನೆಯ ನೀರು ಮುಟ್ಟಲಿಲ್ಲ. ಪುಟ್ಟಿ ಒಂದು ದಿನವೂ ಅದಕ್ಕಾಗಿ ಕಣ್ಣೀರು ಹಾಕಲಿಲ್ಲ.

ಅವರ ಮಗ ಬೋರಯ್ಯ ಹೊಲಕ್ಕೆ ನುಗ್ಗುವ ಆನೆ ಕಾಯುವುದರಲ್ಲಿ ಹೆಸರಾದವನು. ಬರೀ ಬಾಯಲ್ಲಿ ಕೂಗಿ ಒಂಟಿ ಸಲಗವನ್ನು ಹಳ್ಳ ದಾಟಿಸುತ್ತಿದ್ದ. ಆದರೆ ಒಂದು ಕೊರಗು ಅವನನ್ನು ಬಿಡಲಿಲ್ಲ. ಊರಿನ ದೊಡ್ಡ ಮನೆಯವರು, ಅಂದರೆ ಆ ಮನೆಯ ಈಗಿನ ಯಜಮಾನ ಸಿದ್ದಮಲ್ಲಪ್ಪನ ಅಪ್ಪ ಅಜ್ಜಂದಿರು, ಪ್ರತಿ ಸಲ ಆಳು ಕಳಿಸಿ ತಾಯಿಮಣ್ಣು ತರಿಸಿಕೊಳ್ಳುತ್ತಿದ್ದರು. ಮರುಮಣ್ಣು ಮಾತ್ರ ಒಂದು ಸಲವೂ ಆ ಮನೆಯಿಂದ ಬರಲಿಲ್ಲ. ಇವರ ಹೊಲಕ್ಕೆ ನಾವು ಮಣ್ಣು ಹೊರುವುದೇ ಎಂಬ ಬಿಗುಮಾನ. "ತಕೊಂಡೋರು ತರ್ನಿಲ್ವಲ್ಲ" ಎನ್ನುತ್ತಲೇ ಬೋರಯ್ಯ ಕಣ್ಣು ಮುಚ್ಚಿದ. ಅವನಿಗೆ ಗಂಡುಮಕ್ಕಳಿರಲಿಲ್ಲ. ಹೊಲ, ಪಾತಿ, ಕೊರಗು, ಮೂರೂ ಮಗಳಿಗೆ ಬಂದವು.

ಆ ಮಗಳೇ ಚಿಕ್ಕಮಾದಮ್ಮ. ಈಗ ಅರವತ್ತು ದಾಟಿದ್ದಾಳೆ. ನೆಟ್ಟ ಕಂಬದಂಥ ಮೈ, ಹೊಲದ ಆ ತುದಿಗೆ ಕೇಳುವ ಗಂಟಲು. ಉಳಿದ ಉಗುರೆಲ್ಲ ಕೆಲಸದಲ್ಲಿ ಸವೆದು ಹೋಗಿದ್ದರೂ ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಅಜ್ಜಿಯ ಹಾಗೆ ಉದ್ದಕ್ಕೆ ಬಿಟ್ಟಿದ್ದಳು. ಗಂಡ ಮಾದಣ್ಣ ಸಂತೆಮರಹಳ್ಳಿ ಕಡೆಯಿಂದ ಮನೆಅಳಿಯನಾಗಿ ಬಂದವನು. ಹೆಂಡತಿಯ ದರಬಾರಿನಲ್ಲಿ ಹಾಸ್ಯ ಮಾಡಿಕೊಂಡು ಕಾಲ ಹಾಕಿದವನು.

ಮಧುಶ್ರೀ ಮೊದಲ ಸಲ ಕಾರೆ ಹೊಲಕ್ಕೆ ಬಂದದ್ದು ಅವರೆ ಹೂವಿನ ಕಾಲದಲ್ಲಿ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯವರ ಮಗಳು. ಬೇರಿನ ಗಂಟುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ತಾಯಿಮಣ್ಣಿನ ಸುದ್ದಿ ಅವಳಿಗೆ ಅಪ್ಪನ ಮಂಡಿಗೆ ಬರುವ ರೈತರಿಂದಲೇ ಸಿಕ್ಕಿತ್ತು. ಹೊಲದ ಅಲ್ಲಲ್ಲಿ ಗಿಡ ಅಗೆದು, ಬೇರು ತೊಳೆದು, ಗಂಟುಗಳನ್ನು ಬಿಡಿಸಿ ಸಣ್ಣ ಸಣ್ಣ ಸೀಸೆಗಳಿಗೆ ಹಾಕಿಕೊಂಡಳು.

"ಅದರೊಳಗೆ ಏನದೆ ಅಂತ ಅಷ್ಟು ಜ್ವಾಪಾನ ಮಾಡ್ತೀಯೆ ಕೂಸೆ?" ಎಂದಳು ಚಿಕ್ಕಮಾದಮ್ಮ.

"ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಅಜ್ಜಿ. ಗಾಳಿಯಲ್ಲಿರೋ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿ ಕೊಡ್ತವೆ. ಗಿಡ ಅವಕ್ಕೆ ಸಿಹಿ ಉಣಿಸುತ್ತೆ, ಇರೋಕೆ ಮನೆ ಕೊಡುತ್ತೆ."

"ಮನೆಅಳೀದೀರು ಅನ್ನು" ಎಂದ ಮಾದಣ್ಣ ಬದುವಿನ ಮೇಲೆ ಕೂತು. "ನನ್ನಂಗೆ. ಮನೆ ಸಿಕ್ತು, ದುಡಿಮೆ ಸಿಕ್ತು. ಸಿಹಿ ಮಾತ್ರ ಇನ್ನೂ ಕಾಣ್ನಿಲ್ಲ."

"ನಿಂಗೆ ಸಿಹಿ ಕೊಟ್ರೆ ದುಡೀತೀಯಾ? ಮಲೀಕತೀಯೆ" ಎಂದಳು ಹೆಂಡತಿ. ಮಧುಶ್ರೀ ನಕ್ಕು ನಕ್ಕು ಸೀಸೆಯ ಮುಚ್ಚಳ ಕೆಳಗೆ ಬೀಳಿಸಿಕೊಂಡಳು.

ಕೆಲವು ತಿಂಗಳು ಕಳೆದು ಅವಳು ಮತ್ತೆ ಬಂದಾಗ ಕಣ್ಣಲ್ಲಿ ಬೆಳಕಿತ್ತು. ಆ ಜೀವಗಳ ವಂಶ ಬಿಡಿಸಿ ನೋಡಿದ್ದಳಂತೆ. "ಬೇರೆ ಹೊಲಗಳಲ್ಲಿ ಒಂದೋ ಎರಡೋ ಕುಲ ಸಿಗುತ್ತೆ ಅಜ್ಜಿ, ಅಷ್ಟೆ. ನಿಮ್ಮ ಹೊಲದಲ್ಲಿ ಒಂದು ಊರೇ ಇದೆ. ಒಂದೇ ಬೇರಲ್ಲಿ ಅಕ್ಕಪಕ್ಕದ ಗಂಟಿನೊಳಗೆ ಬೇರೆ ಬೇರೆ ಕುಲ. ಮಳೆ ಹೆಚ್ಚಾದರೆ ಕೆಲವು ದುಡೀತವೆ, ಬಿಸಿಲು ಹೆಚ್ಚಾದರೆ ಇನ್ನು ಕೆಲವು. ಅದಕ್ಕೇ ನಿಮಗೆ ಯಾವ ವರ್ಷವೂ ಅವರೆ ಕೈ ಕೊಟ್ಟಿಲ್ಲ."

"ಮತ್ತೆ? ಎಷ್ಟೂರ ಮಣ್ಣು ಅಂದ್ಕಂಡಿದ್ದೀಯೆ ಇದು?" ಎಂದು ಚಿಕ್ಕಮಾದಮ್ಮ ಸೆರಗು ಕೊಡವಿ ಎದ್ದಳು. ಆವತ್ತು ಅವಳು ನಡೆದ ನಡೆಯನ್ನು ನೋಡಿ, ಪಟ್ಟದಾನೆ ಬಂತು ದಾರಿ ಬಿಡಿ ಎಂದು ಮಾದಣ್ಣ ಬೀದಿಯಲ್ಲಿ ಕೂಗಿದ.

ಅದೇ ವರ್ಷ ಮುಂಗಾರಿಗೆ ಮೊದಲು ಸಿದ್ದಮಲ್ಲಪ್ಪ ಚಿಕ್ಕಮಾದಮ್ಮನ ಮನೆ ಬಾಗಿಲಿಗೆ ಬಂದ. ಆಳನ್ನು ಕಳಿಸಲಿಲ್ಲ, ತಾನೇ ಬಂದ. ತನ್ನ ದೊಡ್ಡ ಹೊಲವನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಬಿಟ್ಟಿದ್ದ. ಅವರು ಕೊಳೆ ರೋಗಕ್ಕೆಂದು ಮಣ್ಣು ನೆನೆಯುವಷ್ಟು ಔಷಧಿ ಸುರಿದು, ಬೆಳೆ ತೆಗೆದುಕೊಂಡು, ಬೇರೆ ನೆಲ ಹುಡುಕಿ ಹೊರಟುಹೋಗಿದ್ದರು. ಉಳಿದ ನೆಲದಲ್ಲಿ ಎರೆಹುಳ ಇರಲಿಲ್ಲ, ಗೊದ್ದದ ಇರುವೆಯೂ ಇರಲಿಲ್ಲ. ಗುದ್ದಲಿ ಹಾಕಿದರೆ ಹಸಿಮಣ್ಣಿನ ವಾಸನೆಯೇ ಬರುತ್ತಿರಲಿಲ್ಲ.

"ಮಾದಮ್ಮ, ಒಂದು ಬುಟ್ಟಿ ತಾಯಿಮಣ್ಣು ಬೇಕು" ಎಂದ ಸಿದ್ದಮಲ್ಲಪ್ಪ, ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ನಿಂತು.

"ಕೊಡದೆ ಏನಣ್ಣಾರೆ. ನಿಮ್ಮಪ್ಪಾರಿಗೂ ಕೊಟ್ಟಿದ್ದೋ, ನಿಮ್ಮ ಅಜ್ಜಾರಿಗೂ ಕೊಟ್ಟಿದ್ದೋ" ಎಂದಳು ಅವಳು. ಮಾತು ಮೆತ್ತಗಿತ್ತು. ಆದರೂ ಚುಚ್ಚಬೇಕಾದಲ್ಲಿ ಚುಚ್ಚಿತು. ಅವನು ತಲೆ ತಗ್ಗಿಸಿದ.

ಆ ಸಲ ಅವನ ಹೊಲದ ಅವರೆ ಸೊಕ್ಕಿ ಬೆಳೆಯಿತು. ಶುಂಠಿಗೆ ಸುರಿದ ಗೊಬ್ಬರ ನೆಲದಲ್ಲಿ ಇನ್ನೂ ಉಳಿದಿತ್ತು, ಅದನ್ನೇ ಉಂಡು ಬೆಳೆಯಿತು. ಮೇಲಿನ ಹಸುರು ನೋಡಿ ಎಲ್ಲರೂ ತಾಯಿಮಣ್ಣಿನ ಮಹಿಮೆ ಎಂದರು. ಬೇರು ಕಿತ್ತು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ಬೆಳಗ್ಗೆ ಭೀಮನಬೀಡಿನ ಜನ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬೀದಿಗೆ ಬಂದು ನಿಂತರು. ಸಿದ್ದಮಲ್ಲಪ್ಪ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು, ಬರಿಗಾಲಲ್ಲಿ, ನಡುಬೀದಿಯಲ್ಲಿ ನಡೆದು ಬರುತ್ತಿದ್ದ. ಬುಟ್ಟಿಯ ಮೇಲೆ ವೀಳ್ಯದೆಲೆ, ಅಡಿಕೆ, ಅರಿಶಿನದ ಕೊಂಬು. ಅವನ ಹಿಂದೆ ಟ್ರ್ಯಾಕ್ಟರ್, ಅದರ ಟ್ರೇಲರ್ ತುಂಬ ಅವನ ಹೊಲದ ಮಣ್ಣು.

"ಅಪ್ಪನ ಕಾಲದ್ದು, ಅಜ್ಜನ ಕಾಲದ್ದು, ಎಲ್ಲಾ ಸೇರಿಸಿ ತಂದಿದ್ದೀನಿ ಮಾದಮ್ಮ. ಇನ್ನು ನಮ್ಮ ಮನೆ ಬಾಕಿ ಇಲ್ಲ ಅನ್ನು" ಎಂದ.

ಅಪ್ಪ ಬೋರಯ್ಯ ಕೊನೆಯ ಉಸಿರಿನಲ್ಲಿ ಆಡಿದ ಮಾತು ಚಿಕ್ಕಮಾದಮ್ಮನ ಕಿವಿಯಲ್ಲಿ ಸುಳಿಯಿತು. ಊರೆಲ್ಲ ನೋಡುತ್ತಿತ್ತು. ಆ ಮನೆಯ ಗಂಡಸು ಹೊತ್ತು ತಂದ ಬುಟ್ಟಿಯನ್ನು ಅವಳು ತನ್ನ ತಲೆಗೆ ಇಳಿಸಿಕೊಂಡು ಹೊಲದ ಕಡೆ ಹೊರಟಳು. ಟ್ರ್ಯಾಕ್ಟರ್ ಹಿಂಬಾಲಿಸಿತು.

ಬದುವಿನ ಹತ್ತಿರ ಮಾದಣ್ಣ ಅವಳ ಮಗ್ಗುಲಿಗೆ ಬಂದ. ಆವತ್ತು ಅವನ ಬಾಯಲ್ಲಿ ಹಾಸ್ಯ ಇರಲಿಲ್ಲ. "ಒಂದು ಬುಟ್ಟಿ ಮೂಲೆ ಪಾತಿಗೆ ಹಾಕಮ್ಮಿ. ಮಿಕ್ಕಿದ್ದ ಬದುವಿನಾಚೆ ಸುರೀಲಿ. ಹೂವು ಕಾಣೋಗಂಟ ತಡಿ."

"ಬಾಯಿ ಮುಚ್ಕ. ಅವರೆದ್ರಿಗೆ ಅವರ ಮಣ್ಣ ಪರೀಕ್ಸೆ ಮಾಡ್ಲಾ? ಅಷ್ಟು ತಲೆಮಾರಿಗೆ ಇವತ್ತು ಬಂದವ್ರೆ."

"ನಿಮ್ಮಜ್ಜಿ ಒಡಹುಟ್ಟಿದವನ ಮಣ್ಣೇ ಬಂಡೆಗೆ ಸುರಿದಿದ್ದಳು ಕಣಮ್ಮಿ."

"ನಮ್ಮಜ್ಜಿ ಮನೆ ಬಾಗ್ಲಿಗೆ ಇವ್ರು ಬರ್ನಿಲ್ಲ" ಎಂದು ಚಿಕ್ಕಮಾದಮ್ಮ ಮುಂದಕ್ಕೆ ನಡೆದಳು. ಹೊಲದ ನಟ್ಟನಡುವೆ, ಎಲ್ಲರ ಕಣ್ಣೆದುರಿಗೆ, ಬುಟ್ಟಿಯನ್ನು ಬೋರಲು ಹಾಕಿದಳು. ಟ್ರೇಲರಿನ ಮಣ್ಣನ್ನೂ ಅಲ್ಲೇ ಸುರಿಸಿ ಹರಡಿಸಿದಳು. ಮೇಲಿಂದ ಉಳುಮೆಯೂ ಆಯಿತು. ಸಿದ್ದಮಲ್ಲಪ್ಪ ಕೈಮುಗಿದು ಹೋದ. ಅವಳೂ ಕೈಮುಗಿದಳು. ಆ ಕ್ಷಣದಲ್ಲಿ ಭೀಮನಬೀಡಿನಲ್ಲಿ ಅವಳಿಗಿಂತ ಎತ್ತರದ ಜೀವ ಇನ್ನೊಂದಿರಲಿಲ್ಲ.

ಮೂಲೆಯ ಪಾತಿ ಬರಿದಾಗಿ ಬಿಸಿಲಿಗೆ ಬಾಯಿಬಿಟ್ಟುಕೊಂಡಿತ್ತು.

ಮರು ಬಿತ್ತನೆಗೆ ಮೊದಲು ಎಂದಿಗಿಂತ ಹೆಚ್ಚು ಜನ ಬುಟ್ಟಿ ಹಿಡಿದು ಬಂದರು. ದೊಡ್ಡ ಮನೆಯವರೇ ತಲೆಯ ಮೇಲೆ ಹೊತ್ತ ಮೇಲೆ ತಾಯಿಮಣ್ಣಿನ ಬೆಲೆ ಏರಿತ್ತು. ನಡುಹೊಲದ ಮಣ್ಣು ಸಡಿಲವಾಗಿ, ತುಂಬಿಕೊಳ್ಳಲು ಸಲೀಸಾಗಿತ್ತು. ಎಲ್ಲರೂ ಅಲ್ಲಿಂದಲೇ ತುಂಬಿಕೊಂಡರು. ಅವಳೇ ನಿಂತು ತುಂಬಿಸಿದಳು.

ಅವರೆ ಎದ್ದಿತು. ಕಳೆ ಕೀಳುವಾಗ ಒಂದು ಗಿಡ ಬುಡಸಮೇತ ಕೈಗೆ ಬಂದಾಗ ಚಿಕ್ಕಮಾದಮ್ಮ ಬೆರಗಾದಳು. ಬೇರಿನ ತುಂಬ, ತುದಿಯ ಎಳೆಗಳವರೆಗೆ, ರಾಗಿ ಕಾಳಿನಂತೆ ಒತ್ತೊತ್ತಾಗಿ ಗಂಟು. ಅಷ್ಟು ಗಂಟನ್ನು ಅವಳು ಹುಟ್ಟಿದಂದಿನಿಂದ ನೋಡಿರಲಿಲ್ಲ.

"ನೋಡು! ಪರೀಕ್ಸೆ ಮಾಡು ಅಂದ್ಯಲ್ಲ, ನೋಡು" ಎಂದು ಗಂಡನ ಮುಖಕ್ಕೆ ಹಿಡಿದಳು.

"ಬಾಳ ಸಣ್ಣವು ಅವೆ" ಎಂದ ಮಾದಣ್ಣ.

"ಹೂಂ ಕಣ, ನಿನ್ನ ಕಣ್ಣು ಸಣ್ಣದು."

ಉಗುರು ಹೆಬ್ಬೆರಳಿನಲ್ಲೇ ಇತ್ತು. ಸೀಳಿ ನೋಡಲಿಲ್ಲ. ಇಷ್ಟಿರುವಾಗ ನೋಡುವುದೇನು ಎಂದುಕೊಂಡಳು.

ಹೂವಿನ ಹೊತ್ತಿಗೆ ಹೊಲದ ನಡುವೆ ಒಂದು ತೇಪೆ ಬಣ್ಣಗೆಟ್ಟಿತು. ಮಳೆ ನೀರು ನಿಂತಿರಬೇಕು ಎಂದಳು. ಆದರೆ ನೀರು ನಿಲ್ಲುವ ಜಾಗ ಅದಲ್ಲ, ಅದು ಅವಳಿಗೂ ಗೊತ್ತಿತ್ತು. ತೇಪೆಯ ಆಕಾರ ನೋಡಿದರೆ ಯಾರೋ ನಿಂತು ಮಣ್ಣು ಎರಚಿದ ಹಾಗಿತ್ತು. ಆ ವರ್ಷ ಉಳಿದ ಹೊಲದ ಫಸಲು ಮರ್ಯಾದೆ ಉಳಿಸಿತು. ಮುಂದಿನ ಬಿತ್ತನೆಗೆ ಉಳುಮೆಯವನು ಆ ತೇಪೆಯ ಮಣ್ಣನ್ನು ಹೊಲದ ನಾಲ್ಕೂ ಮೂಲೆಗೆ ಎಳೆದಾಡಿದ. ಮತ್ತೆ ಬುಟ್ಟಿಗಳು ಬಂದವು. ಮತ್ತೆ ತುಂಬಿ ಹೋದವು.

ಆ ಎರಡನೇ ವರ್ಷದ ಮಾಗಿಯಲ್ಲಿ ಕಾರೆ ಹೊಲಕ್ಕೆ ಸೊಗಡು ಬರಲಿಲ್ಲ.

ಅವರೆಯ ಸೊಗಡು ನಮ್ಮ ಸೀಮೆಯವರಿಗೆ ಹೇಳಿ ತಿಳಿಸುವಂಥದ್ದಲ್ಲ. ಇಬ್ಬನಿ ಬಿದ್ದ ಬೆಳಗ್ಗೆ ಹೊಲ ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಕಾಣಬೇಕು. ಚಿಕ್ಕಮಾದಮ್ಮ ಬದುವಿನ ಮೇಲೆ ನಿಂತು ಉಸಿರೆಳೆದಳು. ಬರೀ ತಣ್ಣನೆ ಗಾಳಿ ಒಳಗೆ ಹೋಯಿತು. ಹೂವಿನ ಮೇಲೆ ಜೇನು ಇರಲಿಲ್ಲ. ಎದ್ದ ಹೂತೆನೆಗಳೇ ಕೆಲವು. ಹಳದಿ ಈ ಬದುವಿನಿಂದ ಆ ಬದುವಿಗೆ ಮುಟ್ಟಿತ್ತು. ಮುತ್ತಜ್ಜ ದೊಡ್ಡಬೋರಯ್ಯ ಮೊದಲ ವರ್ಷ ಕಂಡದ್ದು ಇದೇ ಇರಬೇಕು ಎಂದು ಅವಳಿಗೆ ಒಮ್ಮೆಗೇ ಹೊಳೆಯಿತು.

ಕೂತು ಒಂದು ಗಿಡ ಕಿತ್ತಳು. ಒತ್ತೊತ್ತಾದ ಸಣ್ಣ ಗಂಟು. ಉಗುರಿಟ್ಟು ಸೀಳಿದಳು. ಬಿಳುಪು. ಬೆಂದ ಅನ್ನದಗುಳಿನ ಹಾಗೆ. ಇನ್ನೊಂದು ಸೀಳಿದಳು. ನಾಲ್ಕು ಹೆಜ್ಜೆ ಆಚೆ ಹೋಗಿ ಇನ್ನೊಂದು ಗಿಡ ಕಿತ್ತಳು. ಮೂಲೆಗೆ ಹೋದಳು, ಬೇಲಿಗೆ ಹೋದಳು, ಹುತ್ತದ ಮಗ್ಗುಲಿಗೆ ಹೋದಳು. ಮಾದಣ್ಣ ಬುತ್ತಿ ತಂದಾಗ ಅವಳು ಕಿತ್ತ ಗಿಡಗಳ ನಡುವೆ ಕಾಲು ಚಾಚಿ ಕೂತಿದ್ದಳು. ಹೆಬ್ಬೆರಳು ಪೂರ್ತಿ ಬೆಳ್ಳಗಿತ್ತು.

"ಒಂದಾದ್ರೂ ಕೆಂಪದೆಯಾ?" ಎಂದ ಅವನು.

ಅವಳು ಹೆಬ್ಬೆರಳು ತೋರಿಸಿದಳು.

ಮಧುಶ್ರೀಗೆ ಫೋನು ಮಾಡಿಸಿದರು. ಅವಳು ಬಂದು ಮೊದಲಿನ ಹಾಗೆಯೇ ಅಲ್ಲಲ್ಲಿ ಅಗೆದು ಗಂಟು ತುಂಬಿಕೊಂಡು ಹೋದಳು. ಸಿದ್ದಮಲ್ಲಪ್ಪನ ಹೊಲದಿಂದಲೂ ಒಯ್ದಳು. ಈ ಸಲ ನಗು ಇರಲಿಲ್ಲ. ತಿಂಗಳು ಕಳೆದು ಉತ್ತರ ಹೊತ್ತು ಬಂದಾಗ ಜಗಲಿಯ ಮೇಲೆ ಕೂರಲೂ ಹಿಂಜರಿದಳು.

"ಊರು ಖಾಲಿಯಾಗಿದೆ ಅಜ್ಜಿ. ಎಲ್ಲಿ ನೋಡಿದರೂ ಒಂದೇ ಕುಲ. ಅದು ಬೇರಿನೊಳಕ್ಕೆ ಎಲ್ಲರಿಗಿಂತ ಮೊದಲು ನುಗ್ಗುತ್ತೆ, ಗಂಟು ಕಟ್ಟಿಕೊಳ್ಳುತ್ತೆ, ಗಿಡ ಕೊಟ್ಟ ಸಿಹಿ ತಿನ್ನುತ್ತೆ. ಗಿಡಕ್ಕೆ ಏನೂ ಕೊಡಲ್ಲ."

"ಸಿದ್ದಮಲ್ಲಪ್ಪಾರ ಮಣ್ಣಲ್ಲಿ ಬಂತಾ?"

"ಅವರ ಮಣ್ಣಲ್ಲೇ ಬಂತು. ಆದರೆ..." ಮಧುಶ್ರೀ ಕೊನೆಗೂ ಜಗಲಿಯ ಅಂಚಿಗೆ ಕೂತಳು. "ಅದು ಅವರದಲ್ಲ ಅಜ್ಜಿ. ನಿಮ್ಮದೇ. ನಾನು ಮೊದಲ ಸಲ ಒಯ್ದ ಸೀಸೆಗಳಲ್ಲೂ ಅದು ಇತ್ತು, ಎಲ್ಲೋ ಒಂದರಲ್ಲಿ. ಆವಾಗ ನಿಮ್ಮ ಹೊಲದಲ್ಲಿ ಉಳಿದ ಕುಲಗಳೆಲ್ಲ ಇದ್ದವಲ್ಲ, ಅದಕ್ಕೆ ತಲೆ ಎತ್ತೋಕೆ ಜಾಗ ಸಿಕ್ಕಿರಲಿಲ್ಲ. ನೀವು ಕೊಟ್ಟ ಬುಟ್ಟಿಯಲ್ಲಿ ಅದೂ ಹೋಯಿತು. ಅಲ್ಲಿ ನೆಲ ಸತ್ತಿತ್ತು, ಔಷಧಿ ಉಳಿದಿತ್ತು. ಮಿಕ್ಕವು ತಡೆದುಕೊಳ್ಳಲಿಲ್ಲ, ಇದು ತಡೆದುಕೊಂಡಿತು. ಖಾಲಿ ಮನೆಯಲ್ಲಿ ಇದೊಂದೇ ಬೆಳೆದು ಬೆಳೆದು ಟ್ರೇಲರ್ ತುಂಬ ವಾಪಸ್ಸು ಬಂತು."

ಮಾದಣ್ಣ ಬೀಡಿ ಹಚ್ಚಲು ಕಡ್ಡಿ ಗೀರಿದವನು ಅದು ಬೆರಳು ಸುಡುವವರೆಗೆ ಹಾಗೇ ಹಿಡಿದಿದ್ದ.

"ನಮ್ಮನೇ ಕೂಸು" ಎಂದಳು ಚಿಕ್ಕಮಾದಮ್ಮ ಮೆಲ್ಲಗೆ. "ನಾನೇ ಹೊತ್ಕೊಂಡು ಹೋಗಿ ನಡುಮನೇಲಿ ಕೂರಿಸ್ದೆ."

ಮಾರನೆಯ ದಿನ ಅವಳು ಗುಂಡ್ಲುಪೇಟೆ ಬಸ್ಸು ಹತ್ತಿ ಕಿಟಕಿಯ ಮಗ್ಗುಲಿಗೆ ಕೂತಳು. ಮಧುಶ್ರೀಯ ಮಾತು ಸುಳ್ಳಾಗಲಿ ಎಂದು ಮನಸ್ಸಿನಲ್ಲಿತ್ತು. ರಸ್ತೆಯ ಎರಡೂ ಬದಿ ತಡವಾಗಿ ಬಿತ್ತಿದ ಅವರೆ, ಹುರುಳಿ, ನಡುನಡುವೆ ಈರುಳ್ಳಿ. ಮೊದಲ ತೇಪೆ ಊರು ದಾಟುವಾಗಲೇ ಕಂಡಿತು. ಹಸುರು ಹೊಲದ ನಡುವೆ ಹಳದಿ, ಒಂದು ಬುಟ್ಟಿ ಮಣ್ಣು ಎರಚಿದರೆ ಎಷ್ಟಗಲ ಬೀಳುತ್ತದೋ ಅಷ್ಟಗಲ. ಆಮೇಲೆ ಇನ್ನೊಂದು. ಹಳ್ಳದಾಚೆ ಇನ್ನೊಂದು. ಯಾರ ಹೊಲ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಬುಟ್ಟಿ ತುಂಬಿ ಕೊಟ್ಟವಳು ಅವಳೇ. ಕೆಲವು ಹೊಲಗಳಲ್ಲಿ ತೇಪೆ ಅಗಲವಾಗಿ ಪಕ್ಕದವರ ಬದುವನ್ನು ಮುಟ್ಟಿತ್ತು. ಲಾರಿಯೊಂದು ಅಡ್ಡ ಬಂದಾಗ ಕಣ್ಣು ಮುಚ್ಚಿದವಳು ಪೇಟೆ ಬರುವವರೆಗೆ ತೆರೆಯಲಿಲ್ಲ.

ಹಿಂತಿರುಗಿ ಬಂದವಳು ಮನೆ ಮನೆಗೆ ಹೋದಳು. ಮಣ್ಣು ಒಯ್ದವರಿಗೆಲ್ಲ ಹೇಳಿದಳು: ನನ್ನ ಮಣ್ಣು ಕೆಟ್ಟದೆ, ಯಾರಿಗೂ ಕೊಡಬೇಡಿ, ನೀವು ಕೊಟ್ಟ ಕಡೆಗೂ ಹೇಳಿ. ಜನ ಚಾಪೆ ಹಾಕಿದರು, ಕಾಫಿ ಕೊಟ್ಟರು, ತಲೆದೂಗಿದರು. ಬೆನ್ನು ತಿರುಗಿಸಿದ ಮೇಲೆ, ದೊಡ್ಡ ಮನೆಯವರ ಸಂಗಡ ಸೇರಿ ಮುದುಕಿಗೆ ಜಂಬ ಬಂತು, ಇನ್ನು ನಮ್ಮಂಥವರಿಗೆ ಕೊಡಲ್ಲ ಎಂದರು. ಅವಳು ಹೊಲದ ಬಾಯಿಗೆ ಕಾರೆಮುಳ್ಳು ಕಡಿದು ಅಡ್ಡ ಹಾಕಿದಳು. ಮುತ್ತಜ್ಜ ಕಡಿದು ತೆಗೆದದ್ದನ್ನು ಅವಳು ತಂದು ಹಾಕಿದಳು. ಎರಡು ದಿನಕ್ಕೆ ಬೇಲಿ ಸರಿದಿತ್ತು. ಬದುವಿನುದ್ದಕ್ಕೂ ಅಲ್ಲೊಂದು ಇಲ್ಲೊಂದು, ಬೊಗಸೆಯಲ್ಲಿ ಬಗೆದ ಗುಳಿಗಳು.

ಒಂದು ಮಧ್ಯಾಹ್ನ ಕಳ್ಳನೊಬ್ಬ ಕೈಗೆ ಸಿಕ್ಕಿಬಿದ್ದ. ಪಕ್ಕದ ಹೊಲದ ಗೋವಿಂದಯ್ಯ. ಬುಟ್ಟಿಯ ಮೇಲೆ ತನ್ನ ಟವಲ್ಲು ಒದ್ದೆ ಮಾಡಿ ಮುಚ್ಚಿ, ಬಾಗಿಕೊಂಡು ಬದು ದಾಟುತ್ತಿದ್ದ.

"ಯಾರ್ಲಾ ಅದು? ಗೋವಿಂದ! ಮಡಗ್ಲಾ ಕೆಳೀಕೆ!"

ಅವನು ಬುಟ್ಟಿ ಬಿಡಲಿಲ್ಲ. ಹಲ್ಲು ಕಿರಿದ. "ಒಂದ್ ಬುಟ್ಟಿಗೆ ಯಾಕಕ್ಕ ಇಷ್ಟು ರಂಪ? ನೀವು ಕೊಡಕಿಲ್ಲ ಅಂದ್ರಲ್ಲ, ಅದುಕ್ಕೆ ಕೇಳ್ದೇ ತಕೊಂಡೆ. ಮರುಮಣ್ಣು ತಂದ್ಕೊಡ್ತೀನಿ ಬುಡಿ."

"ಕೆಟ್ಟದೆ ಅಂತ ನಿನ್ ಹಟ್ಟಿ ಬಾಗ್ಲಿಗೇ ಬಂದು ಹೇಳ್ನಿಲ್ವಾ?"

"ಹೇಳಿದ್ರಿ. ಕೆಟ್ಟಿದ್ರೆ ಮುಳ್ಳು ಯಾಕೆ ಹಾಕ್ತಿದ್ರಿ? ಕೆಟ್ಟಿದ್ದುಕ್ಕೆ ಯಾರಕ್ಕ ಬೇಲಿ ಹಾಕ್ತಾರೆ?"

"ಹೊಲ ನೋಡ್ಲಾ, ಕಣ್ಣಿಲ್ವಾ? ಹಳದಿ ಕಾಣಾಕಿಲ್ವಾ?"

"ಈಗೆಲ್ಲ ಕೊಯ್ಲಾಗೋಗದೆ. ಏನ್ ಕಾಣ್ತದೆ, ಬರೀ ಮಣ್ಣು. ಚೆನ್ನಾಗೇ ಅದೆ" ಎಂದು ಗೋವಿಂದಯ್ಯ ಒಂದು ಹಿಡಿ ತೆಗೆದು ಮೂಸಿದ. "ಆಹಾ! ತಾಯಿಮಣ್ಣು."

ಅವಳು ಬುಟ್ಟಿಗೆ ಕೈ ಹಾಕಿದಳು. ಅವನು ಎಳೆದ. ಮಣ್ಣೆಲ್ಲ ಬದುವಿನಾಚೆ, ಅವನ ಹೊಲದ ಕಡೆಗೇ ಚೆಲ್ಲಿತು. ಗೋವಿಂದಯ್ಯ ನಗುತ್ತಾ ಅದನ್ನು ಕಾಲಿನಲ್ಲೇ ತನ್ನ ಮಡಿಗೆ ನೂಕಿಕೊಂಡು ಹೊರಟುಹೋದ. ಚಿಕ್ಕಮಾದಮ್ಮ ಬರೀ ಬುಟ್ಟಿ ಹಿಡಿದುಕೊಂಡು ನಿಂತಿದ್ದಳು. ನೆಲ ನೋಡುವುದಕ್ಕೆ ಎಂದಿನ ಹಾಗೆಯೇ ಇತ್ತು. ಕೆಂಪಗೆ, ಸಡಿಲವಾಗಿ, ಮುಟ್ಟಿದರೆ ತಂಪಾಗಿ. ಒಳಗಿರುವುದು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ.

ಮುಂಗಾರಿನ ಮೋಡ ಬೆಟ್ಟದ ಮೇಲೆ ಕೂರುವ ಹೊತ್ತಿಗೆ ಮಧುಶ್ರೀ ಮತ್ತೊಮ್ಮೆ ಬಂದಳು. ಅವಳ ಕೈಯಲ್ಲಿ ಬಿಳಿಯ ಥರ್ಮಕೋಲ್ ಪೆಟ್ಟಿಗೆ. ಮುಖದಲ್ಲಿ ಹಳೆಯ ಬೆಳಕು ಒಂದಿಷ್ಟು ಮರಳಿತ್ತು. ಸಿದ್ದಮಲ್ಲಪ್ಪನೂ ಜೊತೆಗೆ ಬಂದಿದ್ದ. ಆದರೆ ಅವನು ಹೊಲದೊಳಕ್ಕೆ ಕಾಲಿಡಲಿಲ್ಲ, ಮುಳ್ಳಿನಾಚೆಯೇ ನಿಂತ.

"ಅಜ್ಜಿ, ನಿಮ್ಮ ಹೊಲದ ಹಳೇ ಕುಲಗಳು ಸತ್ತಿಲ್ಲ. ಮೊದಲ ಸಲ ಒಯ್ದದ್ದನ್ನೆಲ್ಲ ಒಂದೊಂದಾಗಿ ಬಿಡಿಸಿ ತಣ್ಣಗೆ ಇಟ್ಟಿದ್ದೀನಿ. ಎರಡು ಮೂರು ವರ್ಷ ಅವರೆ, ಹುರುಳಿ ಏನೂ ಬೇಡ. ಜೋಳ ಹಾಕಿ. ಗಂಟು ಕಟ್ಟೋಕೆ ಬೇರು ಸಿಗದೆ ಆ ಕೆಟ್ಟ ಕುಲ ಕಮ್ಮಿಯಾಗುತ್ತೆ. ಆಮೇಲೆ ಇವನ್ನ ಬೆಳೆಸಿ ತಂದು ಬೀಜಕ್ಕೆ ಹಚ್ಚಿ ಬಿತ್ತೋಣ. ಗ್ಯಾರಂಟಿ ಅಂತ ಹೇಳಲ್ಲ. ಆದರೆ ಪ್ರಯತ್ನ ಮಾಡೋಣ. ಜೋಳದ ಬೀಜಾನೂ ತಂದಿದ್ದೀನಿ."

"ಖರ್ಚು ಕೆಲಸ ಎಲ್ಲಾ ನಂದು ಮಾದಮ್ಮ" ಎಂದ ಸಿದ್ದಮಲ್ಲಪ್ಪ ಆಚೆಯಿಂದ. "ನನ್ನಿಂದಲೇ ಆದದ್ದು."

ಚಿಕ್ಕಮಾದಮ್ಮ ಪೆಟ್ಟಿಗೆಯ ಮುಚ್ಚಳ ತೆಗೆಸಿ ನೋಡಿದಳು. ಸೀಸೆಗಳು ಸಾಲಾಗಿ ಕೂತಿದ್ದವು, ಪ್ರತಿಯೊಂದರ ತಳದಲ್ಲಿ ಒಂದಿಷ್ಟು ಮಸುಕು. ಮುತ್ತಜ್ಜನ ದಾರಿಯ ಮಣ್ಣು, ಮೂಗಯ್ಯನಿಗೆ ಊರೂರು ಕೊಟ್ಟ ಮಣ್ಣು, ಅಜ್ಜಿ ಸೀಳಿ ನೋಡಿ ಒಳಗೆ ಬಿಟ್ಟ ಮಣ್ಣು. ಬೆರಳು ತಾಗಿಸಲು ಹೋಗಿ ಹಿಂತೆಗೆದುಕೊಂಡಳು. ಆ ಹೆಬ್ಬೆರಳಿಗೆ ಈಗ ಉಗುರಿರಲಿಲ್ಲ. ತಾನೇ ಕತ್ತರಿಸಿಬಿಟ್ಟಿದ್ದಳು.

ಬದುವಿನಾಚೆ ರಸ್ತೆಯಲ್ಲಿ ಆಗಲೇ ಇಬ್ಬರು ಮೂವರು ನಿಂತು ಇತ್ತ ಕತ್ತು ಚಾಚಿದ್ದರು. ಪೇಟೆಯ ಹುಡುಗಿ, ಬಿಳಿ ಪೆಟ್ಟಿಗೆ, ದೊಡ್ಡ ಮನೆಯವರು. ಅವರಲ್ಲಿ ಗೋವಿಂದಯ್ಯನೂ ಇದ್ದ. ಒಬ್ಬಳ ಕಂಕುಳಲ್ಲಿ ಬರೀ ಬುಟ್ಟಿ ಇತ್ತು.

ಅದನ್ನು ನೋಡಿದ ಮೇಲೆ ಚಿಕ್ಕಮಾದಮ್ಮ ತಾನೇ ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಮಧುಶ್ರೀಯ ಕೈಗೆ ಹಿಂದಕ್ಕೆ ಕೊಟ್ಟಳು.

"ಬ್ಯಾಡ ಕಣ್ ಕೂಸೆ. ನಿನ್ ಮೇಲೆ ಕ್ವಾಪ ಇಲ್ಲ, ಅಣ್ಣಾರ ಮೇಲೂ ಇಲ್ಲ. ಇವನ್ನ ಜ್ವಾಪಾನವಾಗಿ ಮಡಗು. ನನ್ ಹೆಸ್ರು ಕೇಳ್ದೇ ಇರೋ ಊರು ಎಲ್ಲಾದ್ರೂ ಇದ್ರೆ ಅಲ್ಲಿಗೆ ಒಯ್ದು ಹಾಕು. ಇಲ್ಲಿ ಒಂದ್ ಹನಿ ಸುರಿದ್ಯೋ, ತಾಯಿಮಣ್ಣು ಸರಿಹೋಯ್ತು ಅಂತ ನಾಳೆ ಹೊತ್ತು ಮೂಡೋ ಹೊತ್ಗೆ ಬದ ತುಂಬಾ ಬುಟ್ಟಿ ನಿಂತಿರ್ತವೆ. ಜೋಳಾನೂ ಬ್ಯಾಡ. ಜೋಳ ಹಸುರಾಗಿ ಎದ್ರೆ, ನೋಡು ಎಂಥಾ ಮಣ್ಣು ಅಂತಾರೆ, ಹೊತ್ಕೊಂಡೋಯ್ತಾರೆ. ನಾನು ಅವರೇನೇ ಬಿತ್ತೋದು. ಅದು ಹಳದಿಯಾಗೇ ನಿಂತಿರ್ಲಿ, ರಸ್ತೇಲಿ ಹೋಗೋ ಬಸ್ಸಿಗೆಲ್ಲಾ ಕಾಣ್ಲಿ. ಈ ಹೊಲ ಕೆಟ್ಟದೆ ಅಂತ ಊರು ನಂಬೋಗಂಟ ನಂಗೆ ಯಾರ ಸಹಾಯಾನೂ ಬ್ಯಾಡ. ಓಗು, ಮಳೆ ಬತ್ತದೆ. ಬದ ದಾಟಿದ್ ಮೇಲೆ ಕಾಲ್ ತೊಳ್ಕೊಂಡು ಓಗು."